ಸೂರಕ್ಕಿಗೆ ಸಕ್ಕರೆ ನೀರು: ಒಂದಕ್ಕೆ ನಾಲ್ಕು

ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳ ಹಕ್ಕಿ. ಅಲ್ಲಿಯ ಜನ ಹೀರುವ ತೂತಿರುವ ಬಾಟಲಿಗೆ ಸಕ್ಕರೆ ನೀರು ತುಂಬಿ ಅದಕ್ಕೆಂದು ತೂಗುಹಾಕುತ್ತಾರೆ. ಹುಬ್ಬಳ್ಳಿ-ಧಾರವಾಡದ ಹಿತ್ತಲಲ್ಲಿ ದಾಸವಾಳಕ್ಕೆ ಜೋತುಬಿದ್ದು ಮಕರಂದ ಹೀರುವುದು ಸೂರಕ್ಕಿ. ಕುಲ ಬೇರೆಯಾದರೂ ಅಲ್ಲಿಯ ಸಕ್ಕರೆ ನೀರಿನ ಅಳತೆ ಇದಕ್ಕೂ ಹೊಂದುತ್ತದೆ.

ಅಳೆಯುವ ವಾಟಿ ಯಾವುದಾದರೂ ಸರಿ: ಒಂದು ವಾಟಿ ಬಿಳಿ ಸಕ್ಕರೆಗೆ ನಾಲ್ಕು ವಾಟಿ ನೀರು. ತೂಕದಲ್ಲಾದರೆ ಕಾಲು ಲೀಟರಿಗೆ ಸುಮಾರು 50 ಗ್ರಾಂ. ಬೋರಿನ ಸವಳು ನೀರು ಬೇಡ, ಕುಡಿಯುವ ನೀರನ್ನೇ ಬಳಸಿ. ನೀರು ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ, ಆಮೇಲೆ ಸಕ್ಕರೆ ಹಾಕಿ ಕಲಕಿ. ಸಕ್ಕರೆ ಸಮೇತ ಕುದಿಯಲು ಬಿಟ್ಟರೆ ನೀರು ಬತ್ತಿ ಪಾಕ ಗಟ್ಟಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಬಾಟಲಿಗೆ ತುಂಬಿ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ಬೆಲ್ಲ ಇನ್ನೂ ಒಳ್ಳೆಯದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ನಮಗೆ ಒಳ್ಳೆಯದು, ಹಕ್ಕಿಗೆ ಅಲ್ಲ. ಅದರಲ್ಲಿರುವ ಕಬ್ಬಿಣದ ಅಂಶ ಮಕರಂದ ಕುಡಿದು ಬದುಕುವ ಹಕ್ಕಿಯ ದೇಹದಲ್ಲಿ ಕೂಡುತ್ತ ಹೋಗಿ ಹಾನಿ ಮಾಡುತ್ತದೆ. ಕಂದು ಸಕ್ಕರೆಯದೂ ಅದೇ ಕಥೆ. ಜೇನುತುಪ್ಪಕ್ಕೆ ನೀರು ಬೆರೆತರೆ ಬೇಗ ಹುಳಿಯೇರಿ ಬೂಷ್ಟು ಬೆಳೆಯುತ್ತದೆ. ಶಿರಾಕ್ಕೆ ಹಾಕುವ ಬಣ್ಣವೂ ಬೇಡ. ಕೆಂಪು ಬೇಕೆನಿಸಿದರೆ ಬಾಟಲಿಗೆ ಕೆಂಪು ರಿಬ್ಬನ್ ಕಟ್ಟಿ.

ನಿಜವಾದ ಕೆಲಸ ಇರುವುದು ತೊಳೆಯುವುದರಲ್ಲಿ. ಏಪ್ರಿಲ್-ಮೇ ಬಿಸಿಲಿಗೆ ಸಕ್ಕರೆ ನೀರು ಒಂದೇ ದಿನದಲ್ಲಿ ಕೆಡುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ: ತಿಳಿ ಹೋಗಿ ಮಬ್ಬಾಗಿದ್ದರೆ, ತಳದಲ್ಲಿ ಬಿಳಿ ಎಳೆಗಳು ತೇಲಿದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಬೇಸಿಗೆಯಲ್ಲಿ ದಿನಾ, ತಂಪು ಇದ್ದಾಗ ಎರಡು ದಿನಕ್ಕೊಮ್ಮೆ ಬದಲಿಸಿ. ಬಾಟಲಿ ತುಂಬ ಸುರಿಯುವುದಕ್ಕಿಂತ ದಿನಕ್ಕೆ 50 ಮಿಲಿ ಸಾಕು. ಪ್ರತಿ ಸಲ ಬಿಸಿನೀರು, ಬ್ರಷ್ ಹಾಕಿ ಉಜ್ಜಿ, ಹೀರುವ ತೂತಿನ ಒಳಗೂ ಸಣ್ಣ ಬ್ರಷ್ ಆಡಿಸಿ. ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ತಾಸು ನೆನೆಸಿ, ಉಜ್ಜಿ, ಚೆನ್ನಾಗಿ ಜಾಲಿಸಿ. ಆಗಲೂ ಹೋಗದಿದ್ದರೆ ಆ ಬಾಟಲಿ ಎಸೆಯುವುದೇ ಸರಿ.

ಸೂರಕ್ಕಿಗೆ ಕೂತು ಕುಡಿಯುವುದು ರೂಢಿ, ಹಾಗಾಗಿ ತೂತಿನ ಹತ್ತಿರ ಕಾಲೂರಲು ಕಡ್ಡಿ ಇರಲಿ. ಬೇವಿನ ನೆರಳಲ್ಲಿ, ಹೂಗಿಡದ ಪಕ್ಕ, ಬೆಕ್ಕು ಹಾರಲಾಗದ ಎತ್ತರಕ್ಕೆ ತೂಗುಹಾಕಿ. ಇರುವೆ ತಡೆಯಲು ದಾರಕ್ಕೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ರೆಕ್ಕೆಗೆ ಅಂಟಿದರೆ ಹಕ್ಕಿ ಹಾರಲಾರದು. ಮುಚ್ಚಳವೊಂದಕ್ಕೆ ತೂತು ಹೊಡೆದು, ಬಾಟಲಿಯ ಮೇಲೆ ದಾರಕ್ಕೆ ಪೋಣಿಸಿ, ತೂತಿಗೆ ಮೇಣ ಮೆತ್ತಿ ನೀರು ತುಂಬಿಡಿ. ಇರುವೆ ಅದನ್ನು ದಾಟುವುದಿಲ್ಲ.

ಇದು ಪೂರ್ತಿ ಊಟವಲ್ಲ. ಮರಿಗಳಿಗೆ ಸೂರಕ್ಕಿ ಉಣಿಸುವುದು ಹುಳು, ಜೇಡ. ಹಿತ್ತಲಿಗೆ ಕೀಟನಾಶಕ ಹೊಡೆಯುವವರು ಬಾಟಲಿ ಕಟ್ಟಿ ಪ್ರಯೋಜನವಿಲ್ಲ. ದಾಸವಾಳ, ದಾಳಿಂಬೆ, ಬಾಳೆ ಇದ್ದರೆ ಅವೇ ಮೇಲು. ನಾಲ್ಕು ದಿನ ಊರಿಗೆ ಹೋಗುವಾಗ ಬಾಟಲಿ ಇಳಿಸಿ, ತೊಳೆದು, ಬೋರಲು ಹಾಕಿ ಹೋಗಿ.