ಬಿಳಿ ಕಾಗದದ ಮೇಲೆ ಬಿಳಿ ಹಕ್ಕಿ

ಮೈಸೂರು ಶೈಲಿಯಲ್ಲಿ ದೇವರ ಚಿತ್ರ ಬರೆದು ಅಭ್ಯಾಸವಾದ ಕೈ ನನ್ನದು. ಅಲ್ಲಿ ಮಂಟಪ, ಪರದೆ, ಆಭರಣ ಎಲ್ಲ ಇರುತ್ತವೆ, ಖಾಲಿ ಜಾಗವೇ ಇರುವುದಿಲ್ಲ. ಹಾಗಾಗಿ ಶೇಖ್ ಜೈನುದ್ದೀನ್ 1777ರಲ್ಲಿ ಬರೆದ ಕಾಕಟೂ ಎಂಬ ಗಿಣಿ ಜಾತಿಯ ಹಕ್ಕಿಯ ಚಿತ್ರದ ಅಚ್ಚುಪ್ರತಿ ನೋಡಿದಾಗ ದಂಗಾದೆ. ಸೀತಾಫಲದ ಕೊಂಬೆ, ಅದರ ಮೇಲೆ ಹಳದಿ ಜುಟ್ಟಿನ ಬಿಳಿ ಹಕ್ಕಿ. ಹಿಂದೆ ಬರೀ ಕಾಗದ. ಆದರೂ ಹಕ್ಕಿ ಕಾಗದದಲ್ಲಿ ಕರಗಿಹೋಗಿಲ್ಲ!

ಜೈನುದ್ದೀನ್ ಪಟ್ನಾದವರು. ಕಲ್ಕತ್ತದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಹೆಂಡತಿ ಮೇರಿ ಮನೆಯಂಗಳದಲ್ಲಿ ಹಕ್ಕಿ, ಪ್ರಾಣಿ ಸಾಕಿದ್ದರು. ಅವನ್ನು ಬರೆಯಲು ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಮೂವರನ್ನು ಇಟ್ಟುಕೊಂಡರು. 1782ರ ಹೊತ್ತಿಗೆ 300ಕ್ಕೂ ಜಾಸ್ತಿ ಚಿತ್ರಗಳಾದವು. ಕಾಗದ ಇಂಗ್ಲೆಂಡಿನ ವಾಟ್‌ಮನ್ ಕಂಪನಿಯದು, ಕೈ ಮೊಘಲ್ ಪದ್ಧತಿಯದು. ಈ ಕಾಕಟೂ ಇಂಡೋನೇಷ್ಯಾದ ದ್ವೀಪಗಳ ಕಡೆಯದು, ಸೀತಾಫಲ ಅಮೆರಿಕದಿಂದ ಬಂದ ಗಿಡ. ಕಲ್ಕತ್ತಕ್ಕೆ ಎರಡೂ ನೆಂಟರೇ.

ನಾನೂ ಅಂಥದ್ದೊಂದು ಬರೆಯಬೇಕು, ಆದರೆ ಆ ಚಿತ್ರವನ್ನೇ ಸುಮ್ನೆ ನಕಲು ಮಾಡಬಾರದು, ಜೀವಂತ ಹಕ್ಕಿ ನೋಡಿಯೇ ಬರೆಯಬೇಕು ಅಂದುಕೊಂಡೆ. ಪರಿಚಯದವರ ಮನೆಯಲ್ಲಿ ಒಂದು ಕಾಕಟೂ ಇತ್ತು. ಮೊದಲ ದಿನ ಕಪ್ಪು ಅಂಗಿ ಹಾಕಿಕೊಂಡು ಹೋಗಿದ್ದೆ. ಅರ್ಧ ಗಂಟೆಯಲ್ಲಿ ತೋಳಿನ ಮೇಲೆಲ್ಲ ಸೀಮೆಸುಣ್ಣ ಉದುರಿದ ಹಾಗೆ ಬಿಳಿ ಪುಡಿ. ಇವುಗಳ ಮೈಯಲ್ಲಿ ಪುಡಿಯಾಗುವ ಒಂದು ಬಗೆಯ ಗರಿಗಳೂ ಇರುತ್ತವೆ. ಆ ಪುಡಿ ನನಗೆ ಪಾಠವಾಯಿತು. ಈ ಬಿಳಿ ಹೊಳೆಯುವ ಬಿಳಿಯಲ್ಲ, ಮಂಕು ಬಿಳಿ.

ನುಣುಪಾದ ಹಾಟ್ ಪ್ರೆಸ್ ಕಾಗದ ತೆಗೆದುಕೊಂಡು, ಹಕ್ಕಿಯ ನಿಜವಾದ ಅಳತೆಯಲ್ಲೇ ಪೆನ್ಸಿಲ್ ಗೆರೆ ಹಾಕಿದೆ. ಇಂಪೆ ಚಿತ್ರಗಳಲ್ಲೂ ಸಾಧ್ಯವಾದ ಕಡೆ ಹಕ್ಕಿ ಅದರ ಗಾತ್ರದಲ್ಲೇ ಇದೆ. ನಂತರ ಹೊಟ್ಟೆ, ರೆಕ್ಕೆಯ ಕೆಳಗೆ ತೀರಾ ತೆಳುವಾದ ಬೂದು. ಕಪ್ಪು ಬೆರೆಸಿದರೆ ಹಕ್ಕಿ ಕೊಳಕಾಗಿ ಕಾಣುತ್ತದೆ, ಎರಡು ಹಾಳೆ ಹಾಳು ಮಾಡಿ ಕಲಿತದ್ದು. ನೀಲಿಗೆ ಚೂರು ಕಾವಿ ಬೆರೆಸಿದ ಬೂದು ಸರಿಹೋಯಿತು. ಅದು ಒಣಗಿದ ಮೇಲೆ ಗೋಂದು ಬೆರೆಸಿದ ಸಫೇದ, ಅಂದರೆ ಬಿಳಿ ಬಣ್ಣ. ಮೂರು ಸೊನ್ನೆಯ ತೀರಾ ಸಣ್ಣ ಬ್ರಷ್‌ನಲ್ಲಿ ಒಂದೊಂದು ಎಳೆ, ಗರಿಯ ದಂಟಿನಿಂದ ಅಂಚಿನ ಕಡೆಗೆ. ಅಂಚು ಮುಟ್ಟುವ ಮೊದಲೇ ಬ್ರಷ್ ಎತ್ತಬೇಕು. ಎತ್ತದಿದ್ದರೆ ಗರಿ ಹೋಗಿ ಮೀನಿನ ಹುರುಪೆಯಾಗುತ್ತದೆ. ಸುತ್ತ ಗೆರೆ ಎಳೆಯಲೇ ಇಲ್ಲ. ದೇವರ ಚಿತ್ರದ ಅಭ್ಯಾಸ, ಗೆರೆ ಹಾಕೋಕೆ ಕೈ ತುರಿಸುತ್ತಿತ್ತು!

ಎಡವಟ್ಟಾಗಿದ್ದು ಕಾಲಿನಲ್ಲಿ. ಮನೆಯಲ್ಲಿ ಕೂತು ನೆನಪಿನಿಂದ ಬರೆದೆ: ಮುಂದೆ ಮೂರು ಬೆರಳು, ಹಿಂದೆ ಒಂದು. ಅದು ಕಾಗೆಯ ಕಾಲು. ಗಿಣಿ ಜಾತಿಗೆ ಮುಂದೆ ಎರಡು, ಹಿಂದೆ ಎರಡು. ಮರುದಿನ ಹಕ್ಕಿಯ ಯಜಮಾನತಿ, "ಇದೇನ್ರೀ, ನಮ್ಮ ರಾಣಿಗೆ ಕಾಗೆ ಕಾಲು ಹಚ್ಚಿದ್ದೀರಾ?" ಅಂದರು. ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಕಾಗದ ನವಿರೆದ್ದಿತು. ಹಾಳೆಯನ್ನು ಗಾಜಿನ ಮೇಲೆ ಮಗುಚಿ ಹಾಕಿ, ಹಿಂದಿನಿಂದ ಅಗೇಟ್ ಕಲ್ಲಿನಲ್ಲಿ ಉಜ್ಜಿದೆ. ಹಳೆಯ ಮೊಘಲ್ ಚಿತ್ರಕಾರರ ಉಪಾಯ ಅದು. ಮುಕ್ಕಾಲು ಪಾಲು ಕೂತಿತು. ದೀಪ ಓರೆಯಾಗಿ ಹಿಡಿದರೆ ಈಗಲೂ ಕಾಣುತ್ತದೆ.

ಜುಟ್ಟಿನ ಹಳದಿ ಕೊನೆಗೆ, ಒಂದೇ ಸಲ ಕೂತು. ಅದು ಬಿದ್ದ ಕೂಡಲೇ ಉಳಿದ ಬಿಳಿಯೆಲ್ಲ ಒಂದು ಪಟ್ಟು ಬೆಳ್ಳಗಾಯಿತು.

ಹಕ್ಕಿಗಿಂತ ಹೆಚ್ಚು ಸತಾಯಿಸಿದ್ದು ಸೀತಾಫಲ. ನೋಡಿ ಬರೆಯೋಣ ಅಂತ ಕಾಯಿ ತಂದಿಟ್ಟರೆ ಮೂರೇ ದಿನಕ್ಕೆ ಹಣ್ಣಾಗಿ ಒಡೆಯುತ್ತಿತ್ತು. ಮತ್ತೆ ತರೋದು, ಮತ್ತೆ ಹಣ್ಣಾಗೋದು. ನಾಲ್ಕನೆಯದನ್ನು ಮನೆಯವರು ತಿಂದು ಬೀಜ ಉಗಿಯುತ್ತಿದ್ದಾಗ ನಾನಿನ್ನೂ ಎಲೆಯ ನರಗಳಲ್ಲೇ ಇದ್ದೆ.