ಕಪ್ಪಾಗಬೇಕು, ಬೂದಿಯಾಗಬಾರದು

ಮೊದಲ ಸಲ ನಾನು ಹುರಿದ ಎಲೆ ಪೂರ್ತಿ ಬೂದಿಯಾಯಿತು. ನಾನ್‌ಜಿಂಗ್‌ನಲ್ಲಿ ಚೀನೀ ವೈದ್ಯ ಓದುತ್ತಿದ್ದ ಮೂರನೇ ವರ್ಷ ಅದು. ಕಬ್ಬಿಣದ ಬಾಣಲೆ, ಕೆಳಗೆ ಜೋರು ಉರಿ, ಕೈಯಲ್ಲಿ ಉದ್ದ ಹಿಡಿಯ ಸಟ್ಟುಗ. ನಮ್ಮ ಲಾವ್‌ಶಿ, ಅಂದರೆ ಮೇಷ್ಟ್ರು, ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿದರು. ಬೂದು ಪುಡಿ ಹಾರಿಹೋಯಿತು. "ಇದರಲ್ಲಿ ಎಲೆ ಎಲ್ಲಿದೆ?" ಎಂದರು, ಅಷ್ಟೇ.

ಆ ಎಲೆಯ ಹೆಸರು ತ್ಸ ಬಾಯ್ ಯೆ. ನಮ್ಮ ನರ್ಸರಿಗಳಲ್ಲಿ ಥೂಜಾ ಅಂತ ಕುಂಡದಲ್ಲಿಟ್ಟು ಮಾರುತ್ತಾರಲ್ವಾ, ಆ ಹಸಿರು ಗಿಡದ್ದು. ಚಿಕ್ಕವರಿದ್ದಾಗ ಅದರ ಒಂದು ಎಸಳನ್ನು ಪುಸ್ತಕದೊಳಗಿಟ್ಟು, ವಿದ್ಯೆ ಬರುತ್ತದೆ ಅಂತ ನಂಬಿದ್ದೆವು. ಚೀನಾದಲ್ಲಿ ಅದು ದೊಡ್ಡ ಮರ. ಬೀಜಿಂಗ್‌ನ ಸ್ವರ್ಗ ದೇವಾಲಯದ ಆವರಣದಲ್ಲಿ ನೂರಾರು ವರ್ಷ ಕಂಡ ಮರಗಳು ಈಗಲೂ ನಿಂತಿವೆ.

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದಕ್ಕೆ ಅಲ್ಲಿಯ ವೈದ್ಯರು ಬಂಗ್ ಲೌ ಎನ್ನುತ್ತಾರೆ. ಬಂಗ್ ಅಂದರೆ ಗುಡ್ಡ ಕುಸಿದ ಹಾಗೆ ಒಮ್ಮೆಲೇ ಬರುವುದು. ಲೌ ಅಂದರೆ ಸೂರು ಸೋರಿದ ಹಾಗೆ ದಿನಗಟ್ಟಲೆ ತೊಟ್ಟಿಕ್ಕುವುದು. ಎರಡಕ್ಕೂ ಈ ಎಲೆ ಬಳಸುತ್ತಾರೆ. ಹಸಿ ಎಲೆ ರಕ್ತದ ಉಷ್ಣ ತಗ್ಗಿಸುತ್ತದೆ, ಹುರಿದು ಕಪ್ಪಾಗಿಸಿದ್ದು ರಕ್ತ ತಡೆಯುತ್ತದೆ ಎನ್ನುವುದು ಅವರ ಲೆಕ್ಕ. "ಕೆಂಪು ಕಪ್ಪನ್ನು ಕಂಡರೆ ನಿಲ್ಲುತ್ತದೆ" ಅಂತ ಒಂದು ಹಳೇ ಮಾತೇ ಇದೆ. 1348ರಲ್ಲಿ ಗ ಕಜಿಯೂ ಎಂಬ ವೈದ್ಯ ಬರೆದಿಟ್ಟ ಹತ್ತು ಬೂದಿಗಳ ಪುಡಿಯಲ್ಲಿಯೂ ಈ ಎಲೆ ಸೇರಿದೆ. ಹೆಸರಿಗೆ ಬೂದಿ. ಆದರೆ ಅವರ ಕಟ್ಟಪ್ಪಣೆ ಒಂದೇ: ಸುಡಬೇಕು, ಎಲೆಯ ಗುಣ ಉಳಿಯಬೇಕು. ಅಂದರೆ ಹೊರಗೆ ಕಪ್ಪುಗಂದು, ಮುರಿದು ನೋಡಿದರೆ ಒಳಗೆ ಸುಟ್ಟ ಹಳದಿ.

ಆ ಹದ ನನ್ನ ಕೈಗೆ ಹತ್ತಲೇ ಇಲ್ಲ. ಎರಡನೇ ಸಲ ಹಸಿಯಾಗಿಯೇ ಉಳಿಯಿತು. ಮೂರನೇ ಸಲ ಮತ್ತೆ ಬೂದಿ. ರಾತ್ರಿ ಫೋನಿನಲ್ಲಿ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮನಿಗೆ ಚೀನೀ ವೈದ್ಯ ಏನೂ ಗೊತ್ತಿಲ್ಲ. "ಒಲೆ ಆರಿಸಿದ ಮೇಲೂ ಬಾಣಲೆ ಹುರೀತಾನೇ ಇರತ್ತೆ ಕಣೇ. ಮೆಂತ್ಯ ಹುರಿಯುವಾಗ ನೋಡಿಲ್ವಾ? ಸ್ವಲ್ಪ ಮುಂಚೆನೇ ಇಳಿಸು" ಎಂದರು.

ಮಾರನೇ ದಿನ ಹಾಗೇ ಮಾಡಿದೆ. ಮೊದಲು ದಪ್ಪ ಕಡ್ಡಿಗಳನ್ನು ಆರಿಸಿ ತೆಗೆದೆ, ಯಾಕೆಂದರೆ ಎಲೆ ಸುಡುವ ಹೊತ್ತಿಗೆ ಕಡ್ಡಿ ಇನ್ನೂ ಸರಿಯಾಗಿ ಹುರಿದಿರುವುದಿಲ್ಲ. ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೇ ಹಿಡಿ ಹಾಕಿದೆ. ಮೊದಲು ಕರ್ಪೂರದಂಥ ಘಾಟು ಬಂತು, ಆಮೇಲೆ ಬಿಳಿ ಹೊಗೆ. ಹೊಗೆ ಹಳದಿಗೆ ತಿರುಗುತ್ತಿದ್ದ ಹಾಗೆ ಉರಿ ತಗ್ಗಿಸಿದೆ. ಅಂಚಿನಲ್ಲಿ ಒಂದೆರಡು ಕಿಡಿ ಕಂಡವು. ಕೈಯಲ್ಲಿ ಸ್ವಲ್ಪ ನೀರು ಚಿಮುಕಿಸಿ ತಟ್ಟೆಗೆ ಸುರಿದೆ. ಒಂದು ಎಸಳು ಮುರಿದರೆ ಟಿಕ್ ಎಂದಿತು. ಒಳಗೆ ಹಳದಿ! ಲಾವ್‌ಶಿ ಅದನ್ನು ಮೂಸಿ ನೋಡಿ ತಲೆಯಾಡಿಸಿದರು.

ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬೆಂದ ಎಲೆಯ ಹೊಟ್ಟೆಯೊಳಗೆ ಕಿಡಿ ಅಡಗಿರುತ್ತದೆ, ಡಬ್ಬಿಗೆ ತುಂಬಿದರೆ ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೆ ತೆಳ್ಳಗೆ ಹರಡಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಅಂಗೈ ಒಳಗಿಟ್ಟು ನೋಡಿ, ಪೂರ್ತಿ ತಣ್ಣಗಿದ್ದರೆ ಮಾತ್ರ ಡಬ್ಬಿಗೆ.

ಲಾವ್‌ಶಿ ಜೊತೆ ಕೂತು ಈ ಎಲೆ ಕೊಟ್ಟ ಮೊದಲ ರೋಗಿ ನಲವತ್ತು ದಾಟಿದ ಹೆಂಗಸು. ಹನ್ನೆರಡು ದಿನದಿಂದ ರಕ್ತ ನಿಂತಿರಲಿಲ್ಲ. ನಾಡಿ ಹಿಡಿಯುವ ಮೊದಲು ಲಾವ್‌ಶಿ ಕೇಳಿದ್ದು ಸ್ಕ್ಯಾನ್ ಮತ್ತು ಹಿಮೋಗ್ಲೋಬಿನ್ ರಿಪೋರ್ಟ್. ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಆಸ್ಪತ್ರೆಯ ಕಬ್ಬಿಣದ ಮಾತ್ರೆ ಬಿಡಿಸಲಿಲ್ಲ. ಆ ಹೆಂಗಸಿನ ನಾಲಿಗೆ ಕೆಂಪು, ಬಾಯಾರಿಕೆ ಜಾಸ್ತಿ. ಉಷ್ಣದ ಲಕ್ಷಣ. ದಿನಕ್ಕೆ 10 ಗ್ರಾಂ ಹುರಿದ ಎಲೆ, ಜೊತೆಗೆ ಉಷ್ಣ ತಗ್ಗಿಸುವ ಹಸಿ ದೀಹುವಾಂಗ್ ಬೇರು. ಕೈಕಾಲು ತಣ್ಣಗಿರುವವರಿಗೆ ಆ ಬೇರು ಬೇಡ. ಅವರಿಗೆ ಒಣಶುಂಠಿ, ನಮ್ಮ ಮಾಚಿಪತ್ರೆಯ ಜಾತಿಗೇ ಸೇರಿದ ಆಯ್ ಯೆ ಸೊಪ್ಪು ಸೇರಿಸುತ್ತಾರೆ. ಆ ಹೆಂಗಸಿಗೆ ಐದನೇ ದಿನ ರಕ್ತ ನಿಂತಿತು. ಎಲೆಯಿಂದಲೇ ನಿಂತಿತು ಅಂತ ನಾನು ಹೇಳುವುದಿಲ್ಲ, ಒಬ್ಬರನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ.

ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ನಮ್ಮ ಗೇಟಿನ ಹತ್ತಿರ ಥೂಜಾ ಇದೆ, ಕಷಾಯ ಮಾಡಿ ಕುಡಿಯಬಹುದಾ?" ಬೇಡ. ಥೂಜಾ ಎನ್ನುವ ಹೆಸರಲ್ಲಿ ಬೇರೆ ಬೇರೆ ಮರ ಮಾರುತ್ತಾರೆ. ಅಮೆರಿಕದ ಜಾತಿಯಲ್ಲಿ ಥೂಜೋನ್ ಎಂಬ ವಿಷದ ಅಂಶವಿದೆ, ಜಾಸ್ತಿಯಾದರೆ ಫಿಟ್ಸ್ ಬರಬಹುದು. ಚೀನಾದ ಎಲೆಯನ್ನೂ ಬಹಳ ದಿನ ಕುಡಿದರೆ ಹೊಟ್ಟೆ ಕೆಡುತ್ತದೆ, ಊಟ ಸೇರುವುದಿಲ್ಲ. ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಬಸುರಿ ಇರಬಹುದು ಅನ್ನಿಸಿದರೆ, ಯಾವ ಎಲೆಯನ್ನೂ ಹುಡುಕದೆ ಮೊದಲು ಆಸ್ಪತ್ರೆಗೆ ಹೋಗಿ.