1549ರ ಕಾರ್ನಿಶ್ ದಂಗೆಕೋರರ ಬೇಡಿಕೆಪಟ್ಟಿ: ಓದುವ ಬಗೆ

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನ ದಂಗೆಗಳ ಬಗ್ಗೆ ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು, ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ಎದ್ದವರು ಸರ್ಕಾರದ ಮುಂದಿಟ್ಟ 1549ರ ಬೇಡಿಕೆಪಟ್ಟಿ. ಆದರೆ ನೇರವಾಗಿ ಅದಕ್ಕೇ ಇಳಿಯಬೇಡಿ. ಪಕ್ಕದಲ್ಲೊಂದು ಹಾಳೆಯಿಟ್ಟು ತಾರೀಖುಗಳನ್ನು ಬರೆದುಕೊಳ್ಳಿ: ಜೂನ್ 9ರಂದು ಎಲ್ಲ ಚರ್ಚುಗಳಲ್ಲೂ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಜಾರಿಗೆ ಬಂತು. ಮರುದಿನ ಸ್ಯಾಂಪ್‌ಫರ್ಡ್ ಕೋರ್ಟ್‌ನಿಯ ಜನ ಪಾದ್ರಿಯಿಂದ ಹಳೆಯ ಲ್ಯಾಟಿನ್ ಪೂಜೆಯನ್ನೇ ಮಾಡಿಸಿದರು. ಜುಲೈ 2ರಿಂದ ಆಗಸ್ಟ್ 6ರವರೆಗೆ ಎಕ್ಸೆಟರ್ ನಗರಕ್ಕೆ ದಂಗೆಕೋರರ ಮುತ್ತಿಗೆ. ಸ್ಯಾಂಪ್‌ಫರ್ಡ್ ಇರುವುದು ಕಾರ್ನ್‌ವಾಲ್‌ನಲ್ಲಲ್ಲ, ಪಕ್ಕದ ಡೆವನ್‌ನಲ್ಲಿ. ದಂಗೆಯ ನಾಯಕ ಹಂಫ್ರಿ ಅರುಂಡೆಲ್‌ನ ಹಿಂದೆ ಬಾಡ್ಮಿನ್‌ನಿಂದ ಹೊರಟ ಕಾರ್ನಿಶ್ ಪಡೆ ಈ ಜನರನ್ನು ಸೇರಿಕೊಂಡಿತು. ಹಾಗಾಗಿ ಇದನ್ನು ಬರೀ ಕಾರ್ನಿಶ್ ದಂಗೆ ಎಂದರೆ ಮೊದಲ ಸಾಲಿನಲ್ಲೇ ಎಡವಿದಂತೆ.

ಪಟ್ಟಿಗೆ ಒಂದಕ್ಕಿಂತ ಹೆಚ್ಚು ಪಾಠಗಳಿವೆ, ಅಂದರೆ ಬೇರೆ ಬೇರೆ ರೂಪಗಳು. ಒಂದರಲ್ಲಿ 15 ಕಲಮುಗಳಿದ್ದರೆ ಇನ್ನೊಂದರಲ್ಲಿ 16. ಕಲಮಿನ ಸಂಖ್ಯೆ ಕೊಡುವಾಗ ಯಾವ ಪಾಠವೆಂದೂ ಹೇಳಿ.

ಈಗ ಬೇಡಿಕೆಗಳನ್ನು ವಿಂಗಡಿಸಿ. ಲ್ಯಾಟಿನ್ ಪೂಜೆ, ತೀರ್ಥ, ಪ್ರಸಾದದ ರೊಟ್ಟಿ, ವಿಗ್ರಹಗಳು, ಹಳೆಯ ನಂಬಿಕೆಗಳನ್ನು ಎತ್ತಿಹಿಡಿದ ಎಂಟನೇ ಹೆನ್ರಿಯ ಕಾಯಿದೆಯಾದ ಆರು ವಿಧಿಗಳು ಒಂದು ಕಡೆ. ಮಠಗಳಿಂದ ಕಿತ್ತುಕೊಂಡ ಭೂಮಿಯಲ್ಲಿ ಅರ್ಧ ವಾಪಸಾಗಬೇಕು, ನೂರು ಮಾರ್ಕ್ (ಆಗಿನ ಹಣದ ಲೆಕ್ಕ) ವಾರ್ಷಿಕ ಭೂ ಆದಾಯಕ್ಕೆ ಜಮೀನ್ದಾರನಿಗೆ ಒಬ್ಬನೇ ಆಳು, ಇಂಥವು ಇನ್ನೊಂದು ಕಡೆ. ಪೂಜೆಯ ರಾಶಿಯೇ ದೊಡ್ಡದು. ಭಾಷೆಯ ಮಾತು ಬರುವುದು ಒಂದೇ ಕಲಮಿನಲ್ಲಿ: ಕಾರ್ನಿಶ್ ಜನರಾದ ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯದು, ಈ ಹೊಸ ಇಂಗ್ಲಿಷ್ ನಮಗೆ ಸುತರಾಂ ಬೇಡ.

ಹೆಚ್ಚಿನವರು ಜಾರುವುದು ಇಲ್ಲೇ. ಅವರು ಹೇಳಿದ್ದು ಕೆಲವರಿಗೆ ಎಂದು, ಎಲ್ಲರಿಗೂ ಅಂತಲ್ಲ. ಕಾರ್ನ್‌ವಾಲ್‌ನ ಪೂರ್ವದ ಊರುಗಳಲ್ಲಿ ಆ ಹೊತ್ತಿಗಾಗಲೇ ಇಂಗ್ಲಿಷ್ ನೆಲೆಯೂರಿತ್ತು. ತಮ್ಮ ಕಾರ್ನಿಶ್ ಭಾಷೆಯಲ್ಲಿ ಪ್ರಾರ್ಥನೆ ಬೇಕೆಂದೂ ಅವರು ಕೇಳಲಿಲ್ಲ, ಕೇಳಿದ್ದು ಲ್ಯಾಟಿನ್. ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರಿಗಿಂತ ಲ್ಯಾಟಿನ್ ಬಲ್ಲವರು ಹೆಚ್ಚಿದ್ದಾರೆಯೇ ಎಂದು ಆರ್ಚ್‌ಬಿಷಪ್ ಕ್ರ್ಯಾನ್ಮರ್ ಚುಚ್ಚಿದ. ವಾದ ಚುರುಕಾಗಿದೆ, ಆದರೆ ಗುರಿ ತಪ್ಪಿದೆ: ತಲೆಮಾರುಗಳಿಂದ ಕಿವಿಗೆ ಒಗ್ಗಿದ ಪೂಜೆಗೆ ಅರ್ಥ ತಿಳಿದಿರಲೇಬೇಕೆಂಬ ಹಂಗಿರಲಿಲ್ಲ.

ಪಟ್ಟಿಯ ಜೊತೆಗೆ ಜಾನ್ ಹೂಕರ್ ಬರೆದದ್ದನ್ನು ಓದಿ. ಮುತ್ತಿಗೆಯ ವೇಳೆ ಆತ ಎಕ್ಸೆಟರ್ ಗೋಡೆಯ ಒಳಗಿದ್ದವನು, ನಗರದ ಪಕ್ಷಪಾತಿ. ಆದ್ದರಿಂದ ಎದುರಾಳಿಯನ್ನು ಆತ ಹೊಗಳಿದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಸೇಂಟ್ ಥಾಮಸ್ ಚರ್ಚಿನ ಪಾದ್ರಿ ರಾಬರ್ಟ್ ವೆಲ್ಷ್ ದಂಗೆಕೋರರ ಕಡೆಯವನು. ಆದರೂ ನಗರಕ್ಕೆ ಬೆಂಕಿಯಿಡಲು ಹೊರಟ ಫಿರಂಗಿಯವನನ್ನು ತಡೆದನೆಂದು ಹೂಕರನೇ ಬರೆಯುತ್ತಾನೆ. ಕೊನೆಗೆ ಸರ್ಕಾರದ ಕಡೆಯವರು ಪೂಜಾವಸ್ತ್ರ ತೊಡಿಸಿ ಅವನನ್ನು ಅವನದೇ ಚರ್ಚಿನ ಗೋಪುರಕ್ಕೆ ನೇತುಹಾಕಿದರು.

1497ರ ದಂಗೆಯನ್ನು ಪ್ರತ್ಯೇಕ ಹಾಳೆಯಲ್ಲಿಡಿ. ಅದರ ಮೂಲ, ಸ್ಕಾಟ್ಲೆಂಡ್ ಯುದ್ಧಕ್ಕೆಂದು ಏಳನೇ ಹೆನ್ರಿ ಹೇರಿದ ತೆರಿಗೆ. ಎರಡನ್ನೂ ಒಂದೇ ಸ್ವಾತಂತ್ರ್ಯ ಹೋರಾಟವಾಗಿ ಹೊಸೆದರೆ ಕಾರಣಗಳೇ ಮಾಯವಾಗುತ್ತವೆ. 1497ರ ದಂಗೆಯ ನಾಯಕ ಆನ್ ಗೋಫ್ ಸೇಂಟ್ ಕೆವರ್ನ್‌ನ ಕಮ್ಮಾರ. ಸೂಚಿಗಳಲ್ಲಿ ಮೈಕಲ್ ಜೋಸೆಫ್ ಎಂಬ ಹೆಸರಲ್ಲೂ ಹುಡುಕಿ.

ಇಸವಿಗಳ ಮೇಲೂ ಕಣ್ಣಿರಲಿ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಅರುಂಡೆಲ್‌ನನ್ನು ಗಲ್ಲಿಗೇರಿಸಿದ್ದು ನಮ್ಮ ಲೆಕ್ಕದಲ್ಲಿ 1550ರ ಜನವರಿ 27, ಅವರ ಲೆಕ್ಕದಲ್ಲಿ ಇನ್ನೂ 1549. ಜನವರಿಯಿಂದ ಮಾರ್ಚ್ 24ರವರೆಗಿನ ಯಾವ ತಾರೀಖಿಗೂ ಎರಡೂ ಇಸವಿ ನಮೂದಿಸಿ.